ಕಿಟಕಿಗೆ ಹಿಡಿದು ‘ಹೂಂ’ ಅಂದದ್ದು

ನಮ್ಮ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಒಂದು ದೊಡ್ಡ ಕಂದು ಕವರ್ ಇದೆ. ಅದರೊಳಗೆ ಒಂದು ಬಲಗೈಯ ಎಕ್ಸ್‌ರೇ. ಕೈ ನನ್ನದಲ್ಲ, ನಮ್ಮ ಮನೆಯವರಾರದ್ದೂ ಅಲ್ಲ. ಮೊನ್ನೆ ಸೀರೆಗಳನ್ನು ಗಾಳಿಗೆ ಹಾಕೋಣ ಅಂತ ಎಲ್ಲ ಹೊರಗೆ ತೆಗೆದಾಗ ಅದು ಜಾರಿ ಕೆಳಗೆ ಬಿತ್ತು. ಎತ್ತಿಕೊಂಡವಳು ಏನು ಮಾಡಿದೆ ಗೊತ್ತೇ? ಫಿಲಂ ಹೊರಗೆಳೆದೆ, ನೆಟ್ಟಗೆ ಕಿಟಕಿಯ ಹತ್ತಿರ ಹೋದೆ, ಬೆಳಕಿಗೆ ಹಿಡಿದೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ‘ಹೂಂ’ ಅಂದೆ. ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ! ಯಾರ ಮುಂದೆ ಈ ವೇಷ? ಅಷ್ಟೆಲ್ಲ ಆದ ಮೇಲೂ ಈ ಹಾಳು ಹೂಂ ನನ್ನನ್ನು ಬಿಟ್ಟಿಲ್ಲವಲ್ಲ ಅಂತ ನನಗೇ ಗಾಬರಿಯಾಗಿ, ಸೀರೆಗಳ ಮಧ್ಯೆ ಮಂಚದ ಮೇಲೆ ಕೂತುಬಿಟ್ಟೆ.

ನಗಬೇಡಿ. ನಿಮ್ಮ ಮನೆಗೂ ಒಂದಲ್ಲ ಒಂದು ದಿನ ಎಕ್ಸ್‌ರೇ ಬಂದೇ ಇರುತ್ತದೆ. ಅದು ಡಾಕ್ಟರ ಹತ್ತಿರ ಹೋಗುವ ಮೊದಲು ನಿಮ್ಮ ಮನೆಯ ಕಿಟಕಿಗೆ ಹೋಗಿರುತ್ತದೆ. ಮನೆಯ ಹಿರಿಯರು ಮೊದಲು ನೋಡುತ್ತಾರೆ, ಆಮೇಲೆ ಕಾಫಿಗೆ ಬಂದ ನೆಂಟರು, ಆಮೇಲೆ ಮೊಸರು ಕೇಳಲು ಬಂದ ಪಕ್ಕದ ಮನೆಯವರು. ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಎಲ್ಲರೂ ತಲೆ ಆಡಿಸುತ್ತಾರೆ. ‘ನನಗೇನೂ ಗೊತ್ತಾಗಲಿಲ್ಲ’ ಅಂದವರನ್ನು ಈ ಮೈಸೂರಿನಲ್ಲಿ ನಾನು ಇದುವರೆಗೆ ಕಂಡಿಲ್ಲ.

ಈ ವಿದ್ಯೆ ನನಗೆ ಬಂದದ್ದು ಅಪ್ಪಾಜಿಯಿಂದ. ಆಗ ನಾವು ಅಗ್ರಹಾರದಲ್ಲಿದ್ದೆವು, ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಬೀದಿಯಲ್ಲಿ. ಅಪ್ಪಾಜಿ ಒಂದು ಸರ್ಕಾರಿ ಕಚೇರಿಯಲ್ಲಿ ದಫ್ತರು ನೋಡಿಕೊಳ್ಳುವ ಗುಮಾಸ್ತರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಜಗಲಿಗೆ ಬಂದು ಕೂತರೆ ಬೀದಿಯವರೆಲ್ಲ ಏನಾದರೂ ಹಿಡಿದುಕೊಂಡು ಬರುತ್ತಿದ್ದರು. ಕೋರ್ಟಿನ ನೋಟೀಸು, ಕೆಟ್ಟ ರೇಡಿಯೋ, ವರನ ಫೋಟೋ. ಅಪ್ಪಾಜಿ ಎಲ್ಲವನ್ನೂ ಒಂದೇ ಥರ ಹಿಡಿದು, ಒಂದೇ ಥರ ನೋಡಿ, ಹೂಂ ಅನ್ನುತ್ತಿದ್ದರು. ಆ ಹೂಂನಲ್ಲಿ ಮೂರು ಬಗೆ. ಸಣ್ಣ ಹೂಂ ಅಂದರೆ ‘ನಾನು ನೋಡಿದ್ದೇನೆ’. ಎಳೆದ ಹೂಂ ಅಂದರೆ ‘ನಾನು ಇಂಥವು ಬಹಳ ನೋಡಿದ್ದೇನೆ’. ಮೂಗಿನಿಂದ ಬಿಟ್ಟ ಹೂಂ ಅಂದರೆ ‘ನಿನಗೆ ಹೇಳಿದರೂ ಅರ್ಥವಾಗಲ್ಲ ಬಿಡು’. ಈ ಮೂರರ ಹಿಂದೆಯೂ ಏನೂ ಇರಲಿಲ್ಲ ಅಂತ ನನಗೆ ತಿಳಿದದ್ದು ನನ್ನ ಹತ್ತನೇ ವಯಸ್ಸಿನಲ್ಲಿ. ತಿಳಿದ ದಿನ ನನಗೆ ದೇವರ ಮನೆಯಲ್ಲಿ ದೇವರೇ ಇಲ್ಲ ಅಂದಷ್ಟು ಆಘಾತವಾಗಿತ್ತು.

ಆದದ್ದು ಇಷ್ಟು. ನನ್ನ ತಮ್ಮ ಶಿವು ಹಿತ್ತಲಿನ ಸೀಬೆ ಮರದಿಂದ ಬಿದ್ದ. ಮೊಣಕಾಲಿನ ಕೆಳಗೆ ಊದಿತು. ಎಕ್ಸ್‌ರೇ ತೆಗೆಸಿಕೊಂಡು ಬಂದದ್ದು ಸಂಜೆ, ಡಾಕ್ಟರು ಸಿಗುವುದು ಮರುದಿನ. ಬೆಳಿಗ್ಗೆ ಪೂಜೆಯಿಂದ ಎದ್ದ ಅಪ್ಪಾಜಿ ಕೈ ಒರೆಸಿಕೊಳ್ಳುವುದಕ್ಕೂ ತಾಳ್ಮೆ ಇಲ್ಲದೆ ಬಂದು ಕವರಿನಿಂದ ಫಿಲಂ ಎಳೆದರು, ಅತ್ತ ಇತ್ತ ತಿರುಗಿಸಿ ಒಂದು ಗಳಿಗೆ ಮೇಜಿನ ಮೇಲಿಟ್ಟರು, ಕಾಫಿ ಕುಡಿದರು, ಆಮೇಲೆ ಅಡುಗೆಮನೆಯ ಕಿಟಕಿಗೆ ಹಿಡಿದರು. ಎಳೆದ ಹೂಂ ಬಂತು.

“ಮೂರು ಕಡೆ ಮುರಿದಿದೆ,” ಅಂದರು.

ಅಮ್ಮ ಓಡಿ ಬಂದು ನೋಡಿದಳು. ಮೂರು ಗೆರೆ! ಒಂದರ ಕೆಳಗೊಂದು, ಅಳತೆ ಹಿಡಿದು ಎಳೆದ ಹಾಗೆ. “ಅಯ್ಯೋ ನನ್ನ ಕಂದಾ” ಅಂತ ಸೆರಗು ಬಾಯಿಗಿಟ್ಟಳು. ನಾನೂ ನೋಡಿದೆ, ಎಣಿಸಿದೆ, ಮೂರು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ನಮ್ಮಜ್ಜಿ ಬಂದು ಫಿಲಂಗೆ ಮೂಗು ತಾಗಿಸಿ ನೋಡಿ, “ಕೆಳಗಡೆ ಇನ್ನೊಂದು ಸಣ್ಣದಿದೆ, ನಿಮಗ್ಯಾರಿಗೂ ಕಾಣ್ತಿಲ್ಲ” ಅಂದಳು. ಶಿವು, ಅದುವರೆಗೆ ಕುಂಟಿಕೊಂಡು ಓಡಾಡುತ್ತಿದ್ದವನು, ಆ ಕ್ಷಣದಿಂದ ಕಾಲು ಅಲ್ಲಾಡಿಸಲಿಲ್ಲ. ಅವನನ್ನು ಇಬ್ಬರು ಹೊತ್ತುಕೊಂಡೇ ಆಟೋಗೆ ಹಾಕಬೇಕಾಯಿತು.

ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಫಿಲಂ ನೋಡಿದರು. ಅಪ್ಪಾಜಿಯ ಹಣೆ ನೋಡಿದರು. ಇನ್ನೊಂದು ಸಲ ಫಿಲಂ, ಇನ್ನೊಂದು ಸಲ ಹಣೆ. ಆಮೇಲೆ ಜೇಬಿನಿಂದ ಕರ್ಚೀಫು ತೆಗೆದು ಫಿಲಂ ಒರೆಸಿದರು. ಮೂರು ಬಿರುಕೂ ಹೋದವು! ಕರ್ಚೀಫಿನಲ್ಲಿ ವಿಭೂತಿ ಅಂಟಿತ್ತು. “ಮೂಳೆಗೆ ಏನೂ ಆಗಿಲ್ಲ, ಕರ್ಕೊಂಡ್ಹೋಗಿ” ಅಂದರು. ವಾಪಸ್ಸು ಆಟೋ ಮನೆ ಹತ್ತಿರ ಬಂದಾಗ ಅಪ್ಪಾಜಿ ಬೀದಿಯ ಕಡೆ ನೋಡುತ್ತಾ, “ನನಗೆ ಮೊದಲೇ ಅನುಮಾನ ಇತ್ತು” ಅಂದರು. ಇದನ್ನು ಕೇಳಿ ನನಗೆ ಬಿರುಕು ಹೋದದ್ದಕ್ಕಿಂತ ಹೆಚ್ಚು ಬೆರಗಾಯಿತು.

ಬುದ್ಧಿ ಬರಬೇಕಿತ್ತಲ್ಲವೇ ನನಗೆ? ಎಲ್ಲಿ ಬರುತ್ತೆ! ನಾನು ಬೆಳೆದು ದೊಡ್ಡವಳಾಗಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ಮೂವತ್ತು ವರ್ಷ ಪುಸ್ತಕಗಳಿಗೆ ಮುದ್ರೆ ಒತ್ತಿದೆ, ತಾರೀಕು ಹಾಕಿದೆ, ಧೂಳು ಹೊಡೆದೆ. ಓದಿದ್ದು ಹಿಂದಿನ ರಟ್ಟು ಮಾತ್ರ. ಆದರೆ ಪುಸ್ತಕಗಳ ಮಧ್ಯೆ ಕನ್ನಡಕ ಹಾಕಿಕೊಂಡು ಕೂತವಳನ್ನು ಜನ ಏನಂದುಕೊಳ್ಳುತ್ತಾರೆ ಹೇಳಿ? ಮೇಷ್ಟ್ರುಗಳೇ ಬಂದು “ಈ ಪುಸ್ತಕ ಹೇಗಿದೆ ಮೇಡಂ?” ಅಂತ ಕೇಳುತ್ತಿದ್ದರು. ನಾನು ಅಪ್ಪಾಜಿಯ ಎಳೆದ ಹೂಂ ತೆಗೆಯುತ್ತಿದ್ದೆ. “ಮೊದಲರ್ಧ ಚೆನ್ನಾಗಿದೆ” ಅನ್ನುತ್ತಿದ್ದೆ. ಒಬ್ಬರೂ ಎದುರಾಡಲಿಲ್ಲ. ಅವರೂ ಎರಡನೇ ಅರ್ಧ ಓದುತ್ತಿರಲಿಲ್ಲ ಅಂತ ಕಾಣುತ್ತದೆ.

ನಮ್ಮ ಯಜಮಾನರೇನು ಕಮ್ಮಿಯೇ? ಒಂದು ಸಲ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಾರು ನಿಂತಿತು. ಇಳಿದು ಬಾನೆಟ್ ಎತ್ತಿದರು. ದಾರಿಹೋಕರು ನಾಲ್ಕು ಜನ ಸೇರಿದರು. ಐದೂ ಜನ ಸೊಂಟದ ಮೇಲೆ ಕೈ ಇಟ್ಟುಕೊಂಡು ಒಳಗೆ ಬಗ್ಗಿ ನೋಡಿದ್ದೇ ನೋಡಿದ್ದು. ಒಬ್ಬರು ಒಂದು ವೈರನ್ನು ಮುಟ್ಟಿ ತಲೆ ಆಡಿಸಿದರು, ಇನ್ನೊಬ್ಬರು ಅದೇ ವೈರನ್ನು ಮುಟ್ಟಿ ಅಡ್ಡಡ್ಡ ತಲೆ ಆಡಿಸಿದರು. ಪೆಟ್ರೋಲಿನ ಮುಳ್ಳು ಸೊನ್ನೆಗೆ ಬಂದು ಮಲಗಿದ್ದು ಒಳಗೆ ಕೂತ ನನಗೆ ಕಾಣುತ್ತಿತ್ತು. ಕೂಗಿ ಹೇಳಿದೆ. “ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು” ಅಂದರು. ಅರ್ಧ ಗಂಟೆ ಸುಮ್ಮನಿದ್ದೆ. ಇದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆನೇ ಹೊರತು, ನಾನೂ ಅದೇ ಜಾತಿಯವಳು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ ನೋಡಿ.

ಈಗ ಪುಟ್ಟಗೌರಿಯ ವಿಷಯಕ್ಕೆ ಬರಬೇಕು. ಸುತ್ತಿ ಬಳಸಿ ಬರುತ್ತಿದ್ದೇನೆ ಅಂತ ನನಗೂ ಗೊತ್ತು. ಹೇಳುವುದಕ್ಕೆ ನಾಚಿಕೆ.

ಪುಟ್ಟಗೌರಿ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವವಳು. ಟಿ. ನರಸೀಪುರದ ಕಡೆಯ ಒಕ್ಕಲು ಮನೆಯ ಹೆಣ್ಣು, ಮದುವೆಯಾಗಿ ಇಲ್ಲಿಗೆ ಬಂದು, ನಮ್ಮ ಎದುರು ಮನೆಯ ವೆರಾಂಡದಲ್ಲಿ ಮಿಷನ್ ಹಾಕಿಕೊಂಡು ಹನ್ನೆರಡು ವರ್ಷವಾಯಿತು. ಅವಳು ಬಟ್ಟೆ ಕತ್ತರಿಸುವುದನ್ನು ನೀವು ನೋಡಬೇಕಿತ್ತು. ನೆಲದ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಒಂದೇ ಒಂದು ಸಲ ಗೆರೆ ಎಳೆದು, ಆ ಭಾರದ ಕಬ್ಬಿಣದ ಕತ್ತರಿ ಹಿಡಿದು ಕರ್ ಕರ್ ಅಂತ ಕತ್ತಿನಿಂದ ಕಂಕುಳಿನವರೆಗೆ ಎಲ್ಲೂ ನಿಲ್ಲಿಸದೆ ಬಂದುಬಿಡುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಅವಳ ಹೊಲಿಗೆಗಲ್ಲ, ಆ ಕತ್ತರಿಗೇ ಕಾದು ನಿಲ್ಲುತ್ತಿದ್ದರು. ನನ್ನನ್ನು ಅವಳು ‘ಲೈಬ್ರರಿ ಅಕ್ಕ’ ಅನ್ನುತ್ತಿದ್ದಳು. ನನಗೆ ಅದು ಬಹಳ ಹಿತವಾಗಿತ್ತು.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಅವಳು ಕಂದು ಕವರ್ ಹಿಡಿದುಕೊಂಡು ಬಂದಳು.

“ಅಕ್ಕಾ, ಇದನ್ನೊಂಚೂರು ನೋಡಿ ಹೇಳ್ಬುಡಿ. ಲೈನಿಂಗ್ ಬಟ್ಟೆ ತರಕ್ಕೆ ದೇವರಾಜ ಮೊಹಲ್ಲಾಕ್ಕೆ ಹೋಗಿದ್ನಾ, ಅಂಗಡಿ ಮೆಟ್ಲ ಮೇಲೆ ಜಾರ್ಬುಟ್ಟೆ. ಕೈ ಊರ್ದೆ. ಅವತ್ತಿಂದ ಹೆಬ್ಬೆಟ್ಟಿನ ಬುಡ ಒಂದೇ ಸಮ ನೋಯ್ತದೆ. ಡಾಕ್ಟ್ರು ಪಟ ತೆಗೆಸ್ಕಂಡು ವಾಪಸ್ ಬಾ ಅಂದವ್ರೆ. ಅಲ್ಲಿ ಸಾಲಲ್ಲಿ ಕೂತ್ರೆ ಅರ್ಧ ದಿನ ಹೋಯ್ತದೆ. ಹಬ್ಬದ ಬ್ಲೌಸೆಲ್ಲ ಅಂಗೇ ಬಿದ್ದವೆ. ಮುರಿದಿದ್ರೆ ಹೋಯ್ತೀನಿ, ಇಲ್ದಿದ್ರೆ ಯಾಕೆ ಸುಮ್ನೆ?”

ನನಗೆ ಗೊತ್ತಾಗಲ್ಲ ಕಣೇ, ಡಾಕ್ಟರ ಹತ್ತಿರ ಹೋಗು. ಇಷ್ಟು ಹೇಳಬೇಕಿತ್ತು. ಇಷ್ಟೇ! ಇದಕ್ಕೆ ಎಷ್ಟು ಹೊತ್ತು ಬೇಕು? ನಾನು ಏನು ಮಾಡಿದೆ? ಫಿಲಂ ತೆಗೆದುಕೊಂಡು ಕಿಟಕಿಗೆ ನಡೆದೆ. ಬೆರಳುಗಳೇನೋ ಗೊತ್ತಾದವು. ಮಣಿಕಟ್ಟಿನ ಹತ್ತಿರ ಒಂದು ಹಿಡಿ ಅವರೆಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಮೂಳೆ. ಅವು ಇರುವುದೇ ಹಾಗೋ, ಬಿದ್ದು ಹಾಗಾದವೋ, ಆ ಶಿವನೇ ಬಲ್ಲ. ಪುಟ್ಟಗೌರಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು. ಅದನ್ನು ನೋಡಿದ್ದರೆ ಸಾಕಿತ್ತು, ಯಾವ ಪಟವೂ ಬೇಕಿರಲಿಲ್ಲ. ನಾನು ಪಟ ನೋಡಿದೆ.

“ಹೂಂ,” ಅಂದೆ. “ಏನೂ ಮುರಿದಿಲ್ಲ ಕಣೇ. ಮೂಳೆಯೆಲ್ಲ ಅದರದರ ಜಾಗದಲ್ಲೇ ಇದೆ. ನರ ಒಂಚೂರು ಉಳುಕಿದೆ, ಇಲ್ಲಿ ನೋಡು. ಎಣ್ಣೆ ಬಿಸಿ ಮಾಡಿ ಹಚ್ಚು.”

ಎಕ್ಸ್‌ರೇಯಲ್ಲಿ ನರ ಕಾಣುವುದೇ ಇಲ್ಲವಂತೆ! ಅದು ನನಗೆ ಆಮೇಲೆ ಗೊತ್ತಾಯಿತು. ಕಾಣದ ನರವನ್ನು ನಾನು ಬೆರಳಿಟ್ಟು ತೋರಿಸಿದ್ದೆ, ಅವಳು ಬಗ್ಗಿ ನೋಡಿ ತಲೆ ಆಡಿಸಿದ್ದಳು. ಅವಳ ಮುಖದಲ್ಲಿ ಬಂದ ನೆಮ್ಮದಿ ನೋಡಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸಿದೆ.

ಮೂರು ನಾಲ್ಕು ವಾರ ಕಳೆಯಿತು. ಶಿವುವಿನ ಮಗಳ ನಿಶ್ಚಿತಾರ್ಥಕ್ಕೆ ಅಂತ ನಾನು ಕೊಟ್ಟಿದ್ದ ರವಿಕೆ ಬಂತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ, ಎಡತೋಳು ಬಲತೋಳಿಗಿಂತ ಒಂದು ಬೆರಳು ಗಿಡ್ಡ! ಕತ್ತಿನ ಸುತ್ತು ಅಂಕುಡೊಂಕು. ಹನ್ನೆರಡು ವರ್ಷದಲ್ಲಿ ಅವಳ ಕೈಯಿಂದ ಇಂಥದ್ದು ಬಂದಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಬಿರಬಿರನೆ ಎದುರು ಮನೆಗೆ ಹೋದೆ.

“ಏನೇ ಇದು? ಕಣ್ಣು ಎಲ್ಲಿಟ್ಕೊಂಡು ಕತ್ತರಿಸಿದೆ? ಕೆಲಸ ಜಾಸ್ತಿ ಬಂದ ಮೇಲೆ ನಿಂಗೆ ಅಸಡ್ಡೆ ಜಾಸ್ತಿ ಆಗಿದೆ.”

ಅಷ್ಟಕ್ಕೆ ನಿಲ್ಲಿಸಿದೆನೇ? ಬಟ್ಟೆಯನ್ನು ನೇಯ್ಗೆಯ ಉದ್ದಕ್ಕೆ ಹಾಸಿ ಕತ್ತರಿಸಬೇಕು, ಅಡ್ಡಕ್ಕೆ ಹಾಸಿದರೆ ಹೀಗೇ ಆಗುವುದು ಅಂತ ಪಾಠ ಬೇರೆ ಹೇಳಿದೆ. ಒಂದು ಗುಂಡಿ ನೆಟ್ಟಗೆ ಹೊಲಿಯಲು ಬಾರದವಳು ನಾನು. ಪುಟ್ಟಗೌರಿ ಪಕ್ಕದಲ್ಲಿ ಕಾಯುತ್ತಿದ್ದ ಹೆಂಗಸಿನ ಎದುರಿಗೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. “ಆಯ್ತು ಬುಡಿ ಅಕ್ಕಾ, ಸರಿ ಮಾಡ್ಕೊಡ್ತೀನಿ” ಅಂದಳು.

ಮರುದಿನ ಅಳತೆಯ ರವಿಕೆ ಕೊಡೋಣ ಅಂತ ಹೋದೆ. ಅವಳು ಪಕ್ಕಕ್ಕೆ ತಿರುಗಿದ್ದಳು, ನಾನು ಬಂದದ್ದು ಗಮನಿಸಲಿಲ್ಲ. ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಕತ್ತರಿಯ ಒಂದು ಹಿಡಿಯನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಎಡಗೈಯ ಅಂಗೈಯಿಂದ ಒತ್ತುತ್ತಿದ್ದಳು. ಒಂದು ಒತ್ತು, ಒಂದು ಅಂಗುಲ. ಮತ್ತೆ ಬಟ್ಟೆ ಸರಿಸುವುದು, ಮತ್ತೆ ಒತ್ತುವುದು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಕೈಯಲ್ಲಿದ್ದ ರವಿಕೆ ಕೆಳಗೆ ಬಿತ್ತು.

“ಗೌರೀ! ಏನೇ ಇದು? ಇನ್ನೂ ನೋವಿದೆಯಾ?”

ಅವಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಅದೆ ಅಕ್ಕಾ.”

“ಅದೆ ಅಂದ್ರೆ? ಯಾರಿಗಾದ್ರೂ ಹೇಳಬಾರದಿತ್ತೇನೇ?”

“ಯಾರ್ಗೆ ಹೇಳ್ಲಿ? ನೀವೇ ಪಟ ನೋಡಿ ಏನೂ ಆಗಿಲ್ಲ ಅಂದ್ರಿ. ಏನೂ ಆಗ್ದೆ ಇದ್ಮೇಲೆ ನೋಯ್ತದೆ ಅಂತ ಎಂಗೆ ಬಾಯ್ಬುಡ್ಲಿ? ನಮ್ಮತ್ತೆನೂ ಅದೇ ಅಂದ್ರು, ಅಷ್ಟು ಓದಿರೋರು ಹೇಳವ್ರೆ, ನಿಂದೆಲ್ಲ ಮೈಗಳ್ಳತನ ಅಂತ. ನಂಗೂ ಅಂಗೇ ಅನ್ಸೋಯ್ತು. ನಂದೇ ಮೈಗಳ್ಳತನ ಏನೋ ಅಂದ್ಕಂಡು ಹೊಲೀತಿದ್ದೆ.”

ವೆರಾಂಡದ ಮೆಟ್ಟಿಲ ಮೇಲೆ ಕೂತೆ. ಒಬ್ಬಳ ನೋವನ್ನೇ ಸುಳ್ಳು ಮಾಡಿಬಿಟ್ಟಿದ್ದೆನಲ್ಲ! ಅವಳ ಕೈ ದಿನಾ ಕೂಗಿ ಹೇಳುತ್ತಿದ್ದದ್ದನ್ನು ಅವಳು ನಂಬದ ಹಾಗೆ, ನನ್ನ ಒಂದು ಹೂಂ ಅನ್ನು ನಂಬುವ ಹಾಗೆ ಮಾಡಿದ್ದೆ. ಅದರ ಮೇಲೆ ನಿನ್ನೆ ಹೋಗಿ ಬೈದು ಬಂದಿದ್ದೆ. ಛೀ, ನನ್ನ ಜನ್ಮಕ್ಕಿಷ್ಟು!

ಅವತ್ತೇ ಅವಳನ್ನು, ಆ ಪಟದ ಸಮೇತ, ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದಳು. ಅವಳು ಹೂಂ ಅನ್ನಲಿಲ್ಲ. ಅವಳ ಹುಬ್ಬು ಗಂಟಿಕ್ಕಿತು.

“ಹೆಬ್ಬೆರಳ ಬುಡದ ಮೂಳೆ ಬಿರುಕು ಬಿಟ್ಟಿದೆಯಲ್ಲ. ತಿಂಗಳಾಗುತ್ತಾ ಬಂತು. ಆಗಲೇ ಬಂದಿದ್ದರೆ ಪ್ಲಾಸ್ಟರ್ ಹಾಕಿ ಸರಿಮಾಡಬಹುದಿತ್ತು. ಈಗ ಹಾಕುತ್ತೇನೆ, ಆದರೆ ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಹೇಳಲಾರೆ. ಇವರು ಏನು ಕೆಲಸ ಮಾಡುತ್ತಾರೆ?”

“ಕತ್ತರಿ ಹಿಡೀತೀನಿ,” ಅಂದಳು ಪುಟ್ಟಗೌರಿ.

ಡಾಕ್ಟರು ಅವಳ ಬಲಗೈ ನೋಡಿದಳು. ಆಮೇಲೆ ಕೇಳಿದಳು: “ಈ ಎಕ್ಸ್‌ರೇ ಮೊದಲು ಯಾರು ನೋಡಿದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಗೌರಿ, “ಯಾರೂ ಇಲ್ಲ ಡಾಕ್ಟ್ರೇ, ನಾನೇ ಹಬ್ಬದ ಗಲಾಟೇಲಿ ಅಸಡ್ಡೆ ಮಾಡ್ಬುಟ್ಟೆ” ಅಂದಳು. ಅಸಡ್ಡೆ! ಹಿಂದಿನ ದಿನ ನಾನೇ ಅವಳಿಗೆ ಎಸೆದ ಮಾತು. ಅದನ್ನು ಅವಳು ನನ್ನನ್ನು ಕಾಪಾಡುವುದಕ್ಕೆ ಎತ್ತಿಕೊಂಡಿದ್ದಳು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಹಾಯೆನಿಸಿತು.

“ನಾನು ನೋಡಿದ್ದು,” ಅಂದೆ.

“ನೀವು ಡಾಕ್ಟರಾ?”

“ಅಲ್ಲ.”

“ಮತ್ತೆ?”

ಡಾಕ್ಟರು ಬೈಯಲಿಲ್ಲ. ಪೆನ್ನಿನ ತುದಿ ಫಿಲಂ ಮೇಲಿಟ್ಟು, “ಇಲ್ಲಿ ನೋಡಿ, ಈ ಗೆರೆ. ಕಾಣಿಸ್ತಾ?” ಅಂದಳು. ಬಗ್ಗಿ ನೋಡಿದೆ. ಕನ್ನಡಕ ಸರಿಸಿ ನೋಡಿದೆ. ಅದೇ ಅವರೆಕಾಳು. ಗೆರೆಯೂ ಇಲ್ಲ, ಗಿರೆಯೂ ಇಲ್ಲ. ನನ್ನ ಬಾಯಿಂದ ಏನು ಬಂತು ಗೊತ್ತೇ? “ಹೂಂ.” ಅಯ್ಯೋ ದೇವರೇ! ಅಲ್ಲಿ, ಆ ಹೊತ್ತಿನಲ್ಲಿ, ಆ ಹುಡುಗಿಯ ಎದುರು! ನನ್ನ ಬಾಯಿಯನ್ನು ನಾನೇ ಕೈಯಿಂದ ಮುಚ್ಚಿಕೊಂಡೆ.

ಪುಟ್ಟಗೌರಿ ಎಡಗೈಯಿಂದ ನನ್ನ ಸೆರಗು ಎಳೆದಳು. “ನಿಜವಾಗ್ಲೂ ಕಾಣ್ತಾ ಅಕ್ಕಾ?”

“ಇಲ್ಲ ಕಣೇ,” ಅಂದೆ. “ನಂಗೆ ಏನೂ ಕಾಣ್ತಿಲ್ಲ. ಅವತ್ತೂ ಕಂಡಿರಲಿಲ್ಲ.”

“ನಂಗೂ ಕಂಡಿರ್ಲಿಲ್ಲ. ನೀವು ನರ ತೋರಿಸ್ದಾಗ ಕಾಣ್ತು ಅಂತ ಸುಮ್ನೆ ತಲೆ ಆಡಿಸ್ದೆ. ಕಾಣ್ಲಿಲ್ಲ ಅಂದ್ರೆ ದಡ್ಡಿ ಅಂದ್ಕತೀರಿ ಅಂತ.”

ಅವಳ ಕೈಗೆ ಪ್ಲಾಸ್ಟರ್ ಬಿತ್ತು. ನಿಶ್ಚಿತಾರ್ಥಕ್ಕೆ ನಾನು ಆ ಗಿಡ್ಡ ತೋಳಿನ ರವಿಕೆಯನ್ನೇ ಹಾಕಿಕೊಂಡು ಹೋದೆ. ಶಿವುವಿನ ಹೆಂಡತಿ ನೋಡಿ ಕಣ್ಣರಳಿಸಿದಳು. ಇದು ಈಗಿನ ಹೊಸ ಫ್ಯಾಷನ್ ಅನ್ನಲು ನಾಲಗೆ ತುದಿಯವರೆಗೆ ಬಂದಿತ್ತು. ನಾಲಗೆ ಕಚ್ಚಿಕೊಂಡು, “ನನ್ನ ತಪ್ಪಿಂದ ಹೀಗಾಯ್ತು” ಅಂದೆ. ಅವಳು ಅರ್ಥವಾಗದಿದ್ದರೂ ಹೂಂ ಅಂದಳು. ಅಲ್ಲೂ ಹೂಂ!

ಪ್ಲಾಸ್ಟರ್ ಬಿಚ್ಚಿದ ವಾರ ಪುಟ್ಟಗೌರಿ ನಮ್ಮ ಗೇಟು ತೆರೆದುಕೊಂಡು ಬಂದಳು. ಕಂಕುಳಲ್ಲಿ ಹೊಸ ಕಂದು ಕವರ್. “ಹೊಸ ಪಟ ಅಕ್ಕಾ. ನೋಡಿ ಹೇಳಿ, ಕೂಡ್ಕಂಡದಾ?” ಅಂತ ಮುಂದೆ ಹಿಡಿದಳು. ನನ್ನ ಕೈ ತಾನಾಗಿಯೇ ಕನ್ನಡಕದ ಕಡೆ ಹೋಯಿತು. ಕಿಟಕಿಯಲ್ಲಿ ಒಳ್ಳೆ ಬಿಸಿಲಿತ್ತು. ಕೈಯನ್ನು ಹಿಡಿದು ಕೆಳಗಿಳಿಸಿದೆ.

“ನಂಗೆ ಗೊತ್ತಾಗಲ್ಲ ಕಣೇ,” ಅಂದೆ. “ಇರು, ಚಪ್ಪಲಿ ಹಾಕ್ಕೊಂಡು ಬರ್ತೀನಿ. ಆಸ್ಪತ್ರೆಗೆ ಹೋಗೋಣ.”

ಅವಳು ಕಿಸಕ್ಕನೆ ನಕ್ಕಳು. “ಪಾಸಾದ್ರಿ ಬುಡಿ! ಡಾಕ್ಟ್ರು ಬೆಳಿಗ್ಗೇನೇ ನೋಡಾಯ್ತು. ಕೂಡ್ಕಂಡದಂತೆ. ನೀವೇನಂತೀರಾ ನೋಡವ ಅಂತ ತಂದೆ.”

ನನ್ನನ್ನು ಪರೀಕ್ಷೆ ಮಾಡಲು ಬಂದಿದ್ದಳು, ಕಳ್ಳಿ! ಆಮೇಲೆ ನನಗೂ ನಗು ಬಂತು, ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಕವರನ್ನು ಅವಳು ನನ್ನ ಕೈಗೇ ತುರುಕಿದಳು. “ಇದು ನಿಮ್ತಾವೇ ಇರ್ಲಿ. ಇನ್ಯಾರಾದ್ರೂ ಪಟ ತಕ್ಕಬಂದ್ರೆ ಮೊದ್ಲು ಇದ ತೆಗೆದು ನೋಡ್ಕಳಿ.”

“ಕೂಡಿತಲ್ಲ, ಸದ್ಯ,” ಅಂದೆ. “ಕತ್ತರಿ ಮೊದಲಿನ ಥರ ಆಡುತ್ತಾ?”

ಪುಟ್ಟಗೌರಿ ಬಲಗೈ ಮುಂದೆ ಚಾಚಿ ಹೆಬ್ಬೆರಳನ್ನು ಅಗಲಿಸಿದಳು. ಅದು ಅರ್ಧ ದಾರಿ ಬಂದು ನಿಂತಿತು. ಇನ್ನೊಂದು ಸಲ ಬಲ ಹಾಕಿದಳು, ಅಲ್ಲೇ ನಿಂತಿತು.

“ಇಷ್ಟು ಬತ್ತದೆ,” ಅಂದಳು.

ಇದನ್ನು ನೋಡಲು ನನಗೆ ಕಿಟಕಿ ಬೇಕಾಗಲಿಲ್ಲ. ಚೆನ್ನಾಗಿ ಕಾಣುತ್ತಿತ್ತು.